ಅದಿರು ತೆಗೆದ ಜಾಗದಲ್ಲಿ ಪಾರ್ಕ್ ಮಾಡಬಹುದೇ?

ಪ್ರಶ್ನೆ: "ನಮ್ಮೂರು ಸಂಡೂರು ತಾಲೂಕಿನಲ್ಲಿದೆ. ಊರಿಂದ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 14 ಎಕರೆ ಗೋಮಾಳ ಇದೆ. ಗಣಿ ಜೋರಾಗಿದ್ದ ಕಾಲದಲ್ಲಿ ಅಲ್ಲಿ ಮೇಲ್ಮೇಲೆ ಅಗೆದು ಅದಿರು ತೆಗೆದರು. ಆಮೇಲೆ ಅದಿರು ರಾಶಿ ಹಾಕುವ ಸ್ಟಾಕ್‌ಯಾರ್ಡ್ ಮಾಡಿಕೊಂಡರು. 2011ರಲ್ಲಿ ಎಲ್ಲಾ ನಿಂತ ಮೇಲೆ ಹಾಗೇ ಬಿದ್ದಿದೆ. ಒಂದು ಕಡೆ ದೊಡ್ಡ ಮಣ್ಣಿನ ದಿಬ್ಬ, ಇನ್ನೊಂದು ಕಡೆ ನೀರು ನಿಂತ ತಗ್ಗು. ಈಗ ಪಂಚಾಯಿತಿಯವರು ಅಲ್ಲಿ ಪಾರ್ಕ್ ಮಾಡ್ತೀವಿ ಅಂತ ಚಿತ್ರ ಬರೆಸಿದ್ದಾರೆ. ಹುಲ್ಲುಹಾಸು, ಕಾರಂಜಿ, ತಗ್ಗಿನ ನೀರಲ್ಲಿ ಬೋಟಿಂಗ್, ದಿಬ್ಬದ ಮೇಲೆ ವ್ಯೂ ಪಾಯಿಂಟ್. ನನಗೆ ಇಬ್ಬರು ಮಕ್ಕಳು, ಚಿಕ್ಕವನಿಗೆ ದಮ್ಮು ಇದೆ. ಕೆಂಪು ಮಣ್ಣಲ್ಲಿ ವಿಷ ಇದೆ, ಕ್ಯಾನ್ಸರ್ ಬರುತ್ತೆ ಅಂತ ಕೆಲವರು ಹೆದರಿಸ್ತಾರೆ. ಅಲ್ಲಿ ಗಿಡವೇ ಬದುಕಲ್ಲ ಅಂತ ಇನ್ನು ಕೆಲವರು. ನಮ್ಮ ಮಾವನವರು 'ಪಾರ್ಕಿನ ನೆಪದಲ್ಲಿ ಉಳಿದ ಅದಿರನ್ನೂ ಹೊತ್ಕೊಂಡು ಹೋಗ್ತಾರೆ' ಅಂತಾರೆ. ಮುಂದಿನ ತಿಂಗಳು ಗ್ರಾಮಸಭೆ ಇದೆ. ನಾನು ಬೇಡ ಅನ್ನಲೋ, ಆಗಲಿ ಅನ್ನಲೋ?"

ಉತ್ತರ: ಪಾರ್ಕ್ ಬೇಡ ಅನ್ನಬೇಡಿ. ಆದರೆ ಈ ಚಿತ್ರಕ್ಕೆ ಒಪ್ಪಬೇಡಿ.

ಗಣಿ ಮಾಡಿ ಬಿಟ್ಟ ಜಮೀನನ್ನು ಸರಿಪಡಿಸುವುದೇ ನನ್ನ ಕೆಲಸ. ನಿಮ್ಮಂಥ ಪ್ರಶ್ನೆ ಈ ಭಾಗದ ಊರುಗಳಿಂದ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರು ಮಣ್ಣಿನ ಬಣ್ಣ ನೋಡಿ ಹೆದರುತ್ತಾರೆ. ನನಗೆ ಭಯ ಆಗುವುದು ನೆಲದ ಆಕಾರ ನೋಡಿದಾಗ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ ಮಾತು ಎರಡೇ: ಬೋಟಿಂಗ್ ಮತ್ತು ವ್ಯೂ ಪಾಯಿಂಟ್.

ಮೊದಲು ವಿಷದ ಮಾತು ಮುಗಿಸೋಣ. ಸಂಡೂರಿನ ಕೆಂಪಿಗೆ ಕಾರಣ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದು ಮುಟ್ಟಿದರೆ ವಿಷ ಏರುವ ವಸ್ತುವಲ್ಲ. ಕ್ಯಾನ್ಸರ್ ಮಾತಿಗೂ ಒಂದು ಮೂಲ ಇದೆ. ನೆಲದಾಳದ ಸುರಂಗಗಳಲ್ಲಿ ಹೆಮಟೈಟ್ ತೆಗೆಯುತ್ತಿದ್ದ ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಕಂಡಿದ್ದು ನಿಜ. ಅಲ್ಲಿ ಸುರಂಗದೊಳಗೆ ತುಂಬಿಕೊಳ್ಳುತ್ತಿದ್ದ ರೇಡಾನ್ ಎಂಬ ವಿಕಿರಣಶೀಲ ಅನಿಲದ ಮೇಲೇ ದೊಡ್ಡ ಅನುಮಾನ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ಕೆಲಸವನ್ನು ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿದೆ. ಬರೀ ಹೆಮಟೈಟನ್ನು ಹಾಗೆ ಪಟ್ಟಿ ಮಾಡಿಲ್ಲ. ನಮ್ಮಲ್ಲಿ ಇರುವುದು ಬಯಲು ಗಣಿ. ಮೇಲೆ ಆಕಾಶ, ಸುತ್ತ ಗಾಳಿ.

ಹಾಗಂತ ಧೂಳು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಸಂಡೂರಿನ ಅದಿರಿನ ಜೊತೆ ಬರುವ ಪಟ್ಟೆ ಪಟ್ಟೆ ಕಲ್ಲಿನಲ್ಲಿ ಸಿಲಿಕಾ ಇದೆ. ಅದರ ನುಣುಪು ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದು ಕಲ್ಲು ಒಡೆಯುವವರಿಗೆ, ಕ್ರಷರ್‌ನಲ್ಲಿ ದುಡಿಯುವವರಿಗೆ ಬರುವ ಕಾಯಿಲೆ. ವಾರಕ್ಕೆ ಎರಡು ಸಂಜೆ ಆಡಲು ಬರುವ ಮಗುವಿಗೆ ಇದರ ಅಪಾಯ ಕಡಿಮೆ. ಆದರೆ ದಮ್ಮು ಇರುವ ಮಗುವಿಗೆ ಯಾವ ಧೂಳೂ ಆಗದು. ಅದು ವಿಷವೋ ಅಲ್ಲವೋ ಎಂಬ ಪ್ರಶ್ನೆಯೇ ಬೇಡ, ಧೂಳಾದರೆ ಸಾಕು ಎದೆ ಬಿಗಿಯುತ್ತದೆ. ಹಾಗಾಗಿ ನಿಮ್ಮ ಚಿಕ್ಕವನ ವಿಷಯದಲ್ಲಿ ನಾನು ಕೇಳುವುದು ಇಷ್ಟೇ: ಆ ಜಾಗದ ಪಕ್ಕದಲ್ಲಿ ಈಗಲೂ ಅದಿರು ಲಾರಿ ಓಡಾಡುವ ರಸ್ತೆ ಇದೆಯೇ? ಇದ್ದರೆ 2011ರಿಂದ ಮಳೆ ತಿಂದು ಗಟ್ಟಿಯಾದ ಮಣ್ಣಿಗಿಂತ ಆ ರಸ್ತೆಯ ಧೂಳೇ ಜಾಸ್ತಿ ತೊಂದರೆ ಕೊಡುತ್ತದೆ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಆಟದ ಜಾಗ ರಸ್ತೆಯಿಂದ ಎಷ್ಟು ದೂರ ಆದರೆ ಅಷ್ಟು ಒಳ್ಳೆಯದು. ನಡುವೆ ದಟ್ಟ ಎಲೆಯ ಮರಗಳ ಎರಡು ಮೂರು ಸಾಲು ಬೇಕು. ಗಾಳಿಯನ್ನು ಅಳೆಸಲೂಬಹುದು. ಹತ್ತು ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಮತ್ತು ಅದಕ್ಕಿಂತ ಸಣ್ಣ ಧೂಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು, ಇನ್ನೂ ಸಣ್ಣದಾದ 2.5 ಮೈಕ್ರಾನ್ ಧೂಳು 60 ಮೀರಬಾರದು ಎಂದು ದೇಶದ ಮಾನದಂಡ ಹೇಳುತ್ತದೆ. ಬೇಸಿಗೆಯಲ್ಲಿ, ಲಾರಿ ಓಡುವ ದಿನಗಳಲ್ಲಿ ಅಳೆಯಬೇಕು. ಮಳೆಗಾಲದಲ್ಲಿ ಅಳೆದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ನಿಜವಾದ ವಿಷ ಇದ್ದರೆ ಅದು ಜನ ಬೆರಳು ತೋರಿಸದ ಕಡೆ ಇರುತ್ತದೆ. ಸ್ಟಾಕ್‌ಯಾರ್ಡ್ ಅಂದಮೇಲೆ ಅಲ್ಲಿ ಟಿಪ್ಪರ್ ರಿಪೇರಿ ಮಾಡುವ ಶೆಡ್ ಇದ್ದೇ ಇರುತ್ತದೆ, ಅಲ್ವಾ? ಆಯಿಲ್ ಬದಲಿಸಿ ನೆಲಕ್ಕೇ ಸುರಿಯುತ್ತಿದ್ದರು. ಹಳೇ ಬ್ಯಾಟರಿ ಒಡೆದು ಬಿಸಾಡುತ್ತಿದ್ದರು. ಡೀಸೆಲ್ ಡ್ರಮ್ ಸೋರುತ್ತಿತ್ತು. ಬ್ಯಾಟರಿಯ ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು, ಅದು ತಾನಾಗಿ ಕರಗಿ ಹೋಗುವುದೂ ಇಲ್ಲ. ಆ ಶೆಡ್ ಎಲ್ಲಿತ್ತು ಎಂದು ಊರಿನ ಹಳೇ ಡ್ರೈವರ್‌ಗಳನ್ನು ಕೇಳಿ, ಅವರಿಗೆ ಸರಿಯಾಗಿ ನೆನಪಿರುತ್ತದೆ. ಆ ಜಾಗದ ಮಣ್ಣನ್ನು ಬೇರೆಯಾಗಿ ಪರೀಕ್ಷೆ ಮಾಡಿಸಬೇಕು. ಕೆಟ್ಟಿದ್ದರೆ ಕೆರೆದು ತೆಗೆದು ನಿಯಮದ ಪ್ರಕಾರ ವಿಲೇವಾರಿ ಮಾಡಬೇಕು. ಸುಮ್ನೆ ಮೇಲೊಂದು ಪದರ ಮಣ್ಣು ಹೊದಿಸಿ ಜೋಕಾಲಿ ನಿಲ್ಲಿಸಬಾರದು.

ನೀವು ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಕಡೆಯಿಂದ ಬರೆದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿಯ ಚಿನ್ನದ ಕಲ್ಲಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಬರುತ್ತದೆ. ಚಿನ್ನ ತೆಗೆದು ಉಳಿದ ಬೂದಿಯಂಥ ಪುಡಿಯ ರಾಶಿಯ ಹತ್ತಿರ ಮಕ್ಕಳ ಆಟದ ಜಾಗಕ್ಕೆ ನಾನು ಒಪ್ಪುವುದೇ ಇಲ್ಲ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಅಷ್ಟು ಕಡಿಮೆಯೂ ಲೆಕ್ಕಕ್ಕೆ ಬರುವ ವಸ್ತು ಅದು. ಕೊಪ್ಪಳದ ಗ್ರಾನೈಟ್ ಕ್ವಾರಿಗಳಲ್ಲಿ ವಿಷದ ಭಯ ಇಲ್ಲ, ಆಳದ ನೀರಿನ ಭಯ ಇದೆ. ಒಂದು ಕಡೆಯ ಅನುಭವವನ್ನು ಇನ್ನೊಂದು ಕಡೆಗೆ ಅಂಟಿಸಿ ಮಾತಾಡುವುದರಿಂದಲೇ ಈ ವದಂತಿಗಳು ಹುಟ್ಟುವುದು. ನಿಮ್ಮ ಭಾಗದಲ್ಲಿ ಕಬ್ಬಿಣದ ಜೊತೆ ನೋಡಬೇಕಾದದ್ದು ಮ್ಯಾಂಗನೀಸ್. ಸಂಡೂರಿನಲ್ಲಿ ಅದರ ಗಣಿಗಳೂ ಇವೆ. ಪಾರ್ಕಿನಲ್ಲಿ ಕುಡಿಯಲು ಬೋರ್‌ವೆಲ್ ಕೊರೆಸುವುದಾದರೆ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 0.3ರವರೆಗೆ ನಡೆಯುತ್ತದೆ. ಫ್ಲೋರೈಡ್ ಕೂಡ ನೋಡಿಸಿ. ಅದು ಗಣಿಯಿಂದ ಬಂದದ್ದಲ್ಲ, ನಮ್ಮ ಕಡೆಯ ಕಲ್ಲಿನಿಂದಲೇ ನೀರಿಗೆ ಇಳಿಯುವಂಥದ್ದು. 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಕುಡಿಯಲೇಬಾರದು.

ಈಗ ದಿಬ್ಬಕ್ಕೆ ಬರೋಣ. ಟಿಪ್ಪರ್‌ನಿಂದ ಸುರಿದ ಮಣ್ಣು ಕಣದಲ್ಲಿ ಜೋಳದ ರಾಶಿ ಹೊಯ್ದ ಹಾಗೆ ನಿಲ್ಲುತ್ತದೆ. ತನ್ನ ಭಾರಕ್ಕೆ ಎಷ್ಟು ಇಳಿಜಾರು ತಡೆಯುತ್ತದೋ ಅಷ್ಟಕ್ಕೆ ನಿಲ್ಲುತ್ತದೆ, ಸುಮಾರು 35ರಿಂದ 37 ಡಿಗ್ರಿ. ನೋಡಲು ಗಟ್ಟಿ ಬೆಟ್ಟದ ಹಾಗೇ ಇರುತ್ತದೆ. ಒಳಗೆ ಮಾತ್ರ ಗಾಳಿ ಸಂದುಗಳು ತುಂಬಿರುತ್ತವೆ. ಯಾರೂ ಅದನ್ನು ಪದರ ಪದರವಾಗಿ ತುಳಿದು ಗಟ್ಟಿ ಮಾಡಿಲ್ಲ. ಇಷ್ಟು ವರ್ಷ ನಿಂತಿದೆಯಲ್ಲ, ಇನ್ನೇನು ಕುಸಿಯುತ್ತದೆ ಅಂತ ಎಂಜಿನಿಯರ್‌ಗಳೇ ಕೆಲವೊಮ್ಮೆ ಕೇಳುತ್ತಾರೆ. ನಿಂತಿದೆ ನಿಜ, ಯಾಕೆಂದರೆ ಮಳೆ ನೀರು ಹೆಚ್ಚಾಗಿ ಮೇಲೇ ಹರಿದು ಹೋಗಿದೆ. ಅದರ ತಲೆಯ ಮೇಲೆ ಮಂಟಪ ಕಟ್ಟಿ, ಹುಲ್ಲುಹಾಸು ಮಾಡಿ, ದಿನಾ ಪೈಪ್ ಇಟ್ಟು ನೀರು ಬಿಟ್ಟರೆ ನೀರು ಒಳಗಿಳಿಯುತ್ತದೆ. ಸಡಿಲ ಮಣ್ಣು ನೆನೆದಾಗ ಒಮ್ಮೆಲೇ ಕುಗ್ಗುತ್ತದೆ. ಕಟ್ಟಡ ಬಿರುಕು ಬಿಡುತ್ತದೆ. ಅಂಚು ಜಾರಿದರೆ ಕೆಳಗಿದ್ದವರ ಮೇಲೆ ಬರುತ್ತದೆ. ಅದಕ್ಕೇ ವ್ಯೂ ಪಾಯಿಂಟ್ ಅಂದ ಕೂಡಲೇ ನನಗೆ ಆತಂಕ ಆಗಿದ್ದು.

ದಿಬ್ಬಕ್ಕೆ ಇರುವುದು ಮೂರು ದಾರಿ. ಪೂರ್ತಿ ತೆಗೆದು ತಗ್ಗಿಗೆ ತುಂಬುವುದು ಒಂದು. ಎರಡು ಸಮಸ್ಯೆ ಒಟ್ಟಿಗೆ ಹೋಗುತ್ತವೆ, ಖರ್ಚು ಮಾತ್ರ ಜಾಸ್ತಿ. ಇಲ್ಲೇ ನಿಮ್ಮ ಮಾವನವರ ಮಾತು ಬರುತ್ತದೆ. ಅವರ ಅನುಮಾನ ಸುಳ್ಳಲ್ಲ. ಹಳೇ ದಿಬ್ಬಗಳಲ್ಲಿ, ಸ್ಟಾಕ್‌ಯಾರ್ಡಿನ ನೆಲದಲ್ಲಿ ಈಗಲೂ ಬೆಲೆ ಬಾಳುವ ಅದಿರಿನ ಪುಡಿ ಇರುತ್ತದೆ. ಮಟ್ಟ ಮಾಡುವ ಹೆಸರಿನಲ್ಲಿ ಅದು ರಾತ್ರೋರಾತ್ರಿ ಲಾರಿ ಹತ್ತಬಹುದು. ಆ ಅದಿರು ಸರ್ಕಾರದ್ದು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ, ಸಾಗಣೆ ಪರ್ಮಿಟ್ ಇಲ್ಲದೆ ಒಂದು ಲೋಡ್ ಕೂಡ ಆಚೆ ಹೋಗುವಂತಿಲ್ಲ. ಕೆಲಸ ಶುರು ಆಗುವ ಮೊದಲೇ ದಿಬ್ಬದ ಅಳತೆ ಮಾಡಿಸಿ, ಫೋಟೋ ತೆಗೆಸಿ, 'ಮಣ್ಣು ಈ ಸರ್ವೆ ನಂಬರಿನ ಗಡಿ ದಾಟಬಾರದು' ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಈ ಜಿಲ್ಲೆಯಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಯಾಕೆ ಬಂತು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ಯಾಕೆ ನಿಲ್ಲಿಸಿತು ಎಂಬುದು ಎಲ್ಲರಿಗೂ ಗೊತ್ತು. ಅಷ್ಟು ಅನುಭವಿಸಿದ ಊರು ಇಷ್ಟು ಎಚ್ಚರ ವಹಿಸುವುದು ನ್ಯಾಯವೇ.

ಎರಡನೇ ದಾರಿ, ದಿಬ್ಬವನ್ನು ಅಲ್ಲೇ ಇಟ್ಟು ಇಳಿಜಾರು ಕಡಿಮೆ ಮಾಡುವುದು. ಗಣಿಗಳಿಗೆ ಪರಿಸರ ಅನುಮತಿ ಕೊಡುವಾಗ ದಿಬ್ಬದ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂದು ಷರತ್ತು ಹಾಕುವುದು ವಾಡಿಕೆ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಪ್ರತಿ ಮೆಟ್ಟಿಲೂ ಒಳಮುಖವಾಗಿ ಸ್ವಲ್ಪ ಬಾಗುವಂತೆ ಮಾಡಿ, ನೀರು ಇಳಿಯಲು ಕಲ್ಲು ಹಾಸಿದ ಕಾಲುವೆ, ಬುಡಕ್ಕೆ ಕಲ್ಲಿನ ತಡೆಗೋಡೆ. ಇಳಿಜಾರಿನ ಮೇಲೆ ತೆಂಗಿನ ನಾರಿನ ಬಲೆ ಹಾಸಿ ಹುಲ್ಲಿನ ಬೀಜ ಉಗ್ಗುವುದು. ಇಷ್ಟೆಲ್ಲ ಆದರೂ ಜನ ಮಕ್ಕಳು ಹತ್ತಾಡುವುದಕ್ಕೆ 28 ಡಿಗ್ರಿ ಕಡಿದೇ. ನೋಡಲು ಹಸಿರು ಗುಡ್ಡ, ಹತ್ತಲು ಅಲ್ಲ. ನನ್ನ ಆಯ್ಕೆ ಇದೇ. ಮೂರನೆಯದು ಬೇಲಿ ಹಾಕಿ ಹಾಗೇ ಬಿಡುವುದು. ಖರ್ಚಿಲ್ಲ. ಆದರೆ ಪ್ರತಿ ಮಳೆಗೆ ಕೊರಕಲು ಬಿದ್ದು ಕೆಂಪು ಹೂಳು ಕೆಳಗಿನ ಹೊಲಕ್ಕೆ, ಹಳ್ಳಕ್ಕೆ, ಕೆರೆಗೆ ಹೋಗುತ್ತಲೇ ಇರುತ್ತದೆ. ಈ ತಾಲೂಕಿನ ರೈತರಿಗೆ ಆ ನಷ್ಟ ಏನು ಅಂತ ನಾನು ಹೇಳಬೇಕಿಲ್ಲ.

ನೀರು ನಿಂತ ತಗ್ಗಿನ ಬಗ್ಗೆ ನಾನು ಕಟ್ಟುನಿಟ್ಟು. ಕೆರೆಯ ದಂಡೆ ನಿಧಾನಕ್ಕೆ ಇಳಿಯುತ್ತದೆ, ಮೊಣಕಾಲು ಮಟ್ಟ, ಸೊಂಟದ ಮಟ್ಟ ಅಂತ ತಿಳಿಯುತ್ತದೆ. ಹಿಟಾಚಿ ಅಗೆದ ತಗ್ಗಿನಲ್ಲಿ ಎರಡನೇ ಹೆಜ್ಜೆಗೇ ಆಳ. ತಳದಲ್ಲಿ ಜಿಗುಟು ಮಣ್ಣು, ಕಾಲು ಹೂತರೆ ಬರುವುದಿಲ್ಲ. ಗೋಡೆ ನೆಟ್ಟಗಿರುತ್ತದೆ, ಹಿಡಿದು ಮೇಲೆ ಬರಲು ಏನೂ ಸಿಗುವುದಿಲ್ಲ. ನೀರು ಕೆಂಪಾಗಿರುವುದರಿಂದ ಮುಳುಗಿದವರು ಕಾಣುವುದೂ ಇಲ್ಲ. ಈಜು ಬರುವ ಹುಡುಗರೇ ಇಂಥ ಕಡೆ ಜೀವ ಕಳೆದುಕೊಳ್ಳುತ್ತಾರೆ. ಅಲ್ಲಿ ಬೋಟಿಂಗ್ ಅಂದರೆ ಮಕ್ಕಳನ್ನು ಅಪಾಯದ ಅಂಚಿಗೆ ನಾವೇ ಕರೆದ ಹಾಗೆ. ಒಂದೋ ಪೂರ್ತಿ ತುಂಬಿಸಬೇಕು. ಇಲ್ಲವೇ ದಂಡೆಯನ್ನು ನಾಲ್ಕು ಅಡಿಗೆ ಒಂದು ಅಡಿ ಇಳಿಯುವಷ್ಟು ಸಪಾಟು ಮಾಡಿ, ನೀರಿನ ಅಂಚಿಗೆ ಅಗಲವಾದ ಆಳವಿಲ್ಲದ ಪಟ್ಟಿ ಬಿಟ್ಟು, ಗಟ್ಟಿ ಬೇಲಿ ಹಾಕಿ ನೀರಿನ ಸಂಗ್ರಹಕ್ಕೆ ಇಟ್ಟುಕೊಳ್ಳಬೇಕು. ನನಗೆ ಎರಡನೆಯದು ಇಷ್ಟ. ಬೇಸಿಗೆಯಲ್ಲಿ ಸಸಿಗಳಿಗೆ ಆ ನೀರೇ ಆಧಾರ. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟರಾಯಿತು. ಬೇಲಿಯ ಕೆಲಸ ಪಾರ್ಕ್ ಮಂಜೂರಾಗುವವರೆಗೂ ಕಾಯಬಾರದು. ಅದನ್ನು ಈ ತಿಂಗಳೇ ಕೇಳಿ, ಪಾರ್ಕ್ ಆಗಲಿ ಬಿಡಲಿ.

ಗಿಡ ಬದುಕುವುದಿಲ್ಲ ಎಂಬುದು ಅರ್ಧ ನಿಜ. ಕಬ್ಬಿಣ ಜಾಸ್ತಿ ಇದೆ ಅಂತ ಗಿಡ ಸಾಯುವುದಿಲ್ಲ. ಸಂಡೂರಿನ ಕಾಡು ಅದೇ ಅದಿರಿನ ಬೆಟ್ಟದ ಮೇಲಲ್ಲವೇ ಬೆಳೆದಿರುವುದು? ಆದರೆ ಕಾಡಿಗೆ ಮೇಲ್ಮಣ್ಣು ಇದೆ. ಅಗೆದ ಜಾಗದಲ್ಲಿ ಅದೇ ಹೋಗಿದೆ. ಉಳಿದದ್ದರಲ್ಲಿ ಎಲೆಗೊಬ್ಬರದ ಸತ್ವ ಇಲ್ಲ, ಸಾರಜನಕ ಇಲ್ಲ. ಇದ್ದ ರಂಜಕವನ್ನೂ ಕಬ್ಬಿಣದ ಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ. ಸ್ಟಾಕ್‌ಯಾರ್ಡಿನ ನೆಲ ಲಾರಿ ಓಡಿ ಓಡಿ ಸಿಮೆಂಟಿನಂತಾಗಿದೆ, ನೀರು ಇಂಗುವುದಿಲ್ಲ. ಮೂರು ಅಡಿ ಗುಂಡಿ ತೋಡಿ ಸಸಿ ನೆಟ್ಟರೂ ಬೇರು ಆ ಗುಂಡಿಯಲ್ಲೇ ಸುತ್ತಿಕೊಂಡು ಎರಡನೇ ಬೇಸಿಗೆಗೆ ಒಣಗುತ್ತದೆ. ಗಿಡ ನೆಡುವ ಕಾರ್ಯಕ್ರಮದ ಫೋಟೋ ಬಂದು ಎರಡು ವರ್ಷಕ್ಕೆ ಅಲ್ಲಿ ಏನೂ ಇರದಿರುವುದಕ್ಕೆ ಇದೇ ಕಾರಣ.

ಹಾಗಾಗಿ ಮೊದಲು ನೆಲವನ್ನು ಆಳವಾಗಿ ಸೀಳಿಸಬೇಕು. ಆಮೇಲೆ ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ, ಕೆರೆ ಹೂಳು. ಒಂದು ಎಚ್ಚರಿಕೆ: ಗಣಿಯ ಕೆಳಭಾಗದ ಕೆರೆಯ ಹೂಳು ತರಬೇಡಿ, ಅದು ಗಣಿಯಿಂದ ಹರಿದು ಬಂದ ಅದೇ ಮಣ್ಣು. ಬಯಲು ಕಡೆಯ ಎರೆಮಣ್ಣಿನ ಕೆರೆಯ ಹೂಳು ತರಿಸಿ. ಮೊದಲ ಎರಡು ಮಳೆಗಾಲ ಮರದ ಯೋಚನೆ ಬೇಡ. ಹುರುಳಿ, ಸೆಣಬು, ಸ್ಟೈಲೋ ಎಂಬ ಮೇವಿನ ಗಿಡದ ಬೀಜ ಚೆಲ್ಲಿ. ಇವು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತವೆ. ಇಳಿಜಾರಿಗೆ ಲಾವಂಚ, ಕರಡ ಹುಲ್ಲು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗಣಿ ಮುಗಿಸಿದವರು ಆ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿಕೊಡಬೇಕು ಎಂಬ ಷರತ್ತು ಹಾಕಲು ಕೇಂದ್ರಕ್ಕೆ ಹೇಳಿತು. ಮೇವಿನ ದೃಷ್ಟಿಯಿಂದಲೂ ಅದು ಸರಿಯಾದ ಮಾತು.

ಮೂರನೇ ವರ್ಷ ಮರ. ಬೇವು, ಹೊಂಗೆ, ಕಮರ, ತುಗ್ಗಲಿ, ಮುತ್ತುಗ, ಕಕ್ಕೆ, ಬನ್ನಿ, ನಡುವೆ ಬಂದರಿಕೆಯ ಪೊದೆ. ಬಳ್ಳಾರಿ ಜಾಲಿ ಈಗಾಗಲೇ ಬೆಳೆದಿರುತ್ತದೆ. ಅದನ್ನು ಒಂದೇ ಸಲ ಬುಡಸಹಿತ ಕೀಳಿಸಬೇಡಿ, ದಿಬ್ಬವನ್ನು ಸದ್ಯ ಹಿಡಿದಿರುವುದು ಅದರ ಬೇರೇ. ಬೇರೆ ಗಿಡ ಎದ್ದ ಹಾಗೆ ಒಂದೊಂದು ಭಾಗ ತೆಗೆಯುತ್ತಾ ಹೋಗಿ. ಇನ್ನೊಂದು, ನಿಮ್ಮ ಜಾಗ ಕಾಡಿನ ಅಂಚಿಗಿದ್ದರೆ ಕರಡಿ ಬರುತ್ತದೆ. ದರೋಜಿ ಕರಡಿಧಾಮ ಅಲ್ಲೇ ಹತ್ತಿರ ಇದೆ. ಎಲಚಿ, ಕವಳಿ, ಸೀತಾಫಲ, ಬಿಕ್ಕೆ ಇವೆಲ್ಲ ಕರಡಿಗೆ ಇಷ್ಟ. ಇವನ್ನು ಆಟದ ಜಾಗದ ಹತ್ತಿರ ನೆಡಬೇಡಿ. ಕಾಡಿನ ಬದಿಗೆ ಬೇಕಾದಷ್ಟು ನೆಡಿ, ಅವೂ ಬದುಕಲಿ. ಪಾರ್ಕ್ ಕತ್ತಲಾಗುವ ಮೊದಲೇ ಮುಚ್ಚಬೇಕು.

ಹುಲ್ಲುಹಾಸು, ಕಾರಂಜಿ ಬಿಟ್ಟುಬಿಡಿ. ಬಳ್ಳಾರಿ ಕಡೆ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ, ಸಂಡೂರಿನ ಗುಡ್ಡಗಳಲ್ಲಿ ಸ್ವಲ್ಪ ಜಾಸ್ತಿ. ಗೋವಾದ ಸಾಂಖಳಿಯಲ್ಲಿ ಕಬ್ಬಿಣದ ಗಣಿಯ ಮೇಲೆ ಹಸಿರು ಬೆಳೆಸಿ ಚಿಟ್ಟೆ ಉದ್ಯಾನ ಮಾಡಿದ್ದಾರೆ, ಅದನ್ನು ಇಲ್ಲಿಗೆ ಮಾದರಿಯಾಗಿ ತೋರಿಸುವವರಿದ್ದಾರೆ. ಅಲ್ಲಿ 3,000 ಮಿಲಿಮೀಟರ್ ಸುತ್ತಮುತ್ತ ಮಳೆ ಬೀಳುತ್ತದೆ. ನಮಗೆ ಹತ್ತಿರದ ಪಾಠ ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನ. ಸುಮಾರು 380 ಎಕರೆ, ಮೊದಲು ಕಲ್ಲು ಗಣಿ, ಕ್ರಷರ್ ಇದ್ದ ಜಾಗ. ಮಳೆ ಕಡಿಮೆ, ಬಿಸಿಲು ಜೋರು. ಅಲ್ಲಿ ಊರ ಜನರೇ ಸೇರಿ ಆ ಬೆಟ್ಟದ್ದೇ ಗಿಡಗಳನ್ನು ಹುಡುಕಿ ಬೆಳೆಸಿದರು, ಪೇಟೆಯ ನರ್ಸರಿ ಹೂಗಿಡಗಳನ್ನಲ್ಲ. ಈಗ ಅದು ನಡೆದಾಡುವವರಿಗೂ ಹಕ್ಕಿಗಳಿಗೂ ಜಾಗ. ನಿಮ್ಮ 14 ಎಕರೆಗೆ ಆ ದಾರಿ ಹೊಂದುತ್ತದೆ.

ದುಡ್ಡಿಗೆ ದಾರಿ ಇದೆ. 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇರುವುದೇ ಗಣಿಬಾಧಿತ ಊರುಗಳಿಗೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿ ಪ್ರದೇಶಗಳ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ನಿಗಾದಲ್ಲಿ ರಾಜ್ಯದ ಪ್ರತ್ಯೇಕ ನಿಗಮವೂ ಇದೆ. ಕಟ್ಟುವ ದುಡ್ಡು ಸಿಕ್ಕೀತು. ಕಷ್ಟ ಬರುವುದು ಆಮೇಲೆ. ಮೊದಲ ಮೂರು ಬೇಸಿಗೆ ನೀರು ಹಾಕುವವರ ಸಂಬಳ, ಕಾವಲುಗಾರನ ಸಂಬಳ, ಬೇಸಿಗೆಯಲ್ಲಿ ಬೆಂಕಿ ಹರಡದಂತೆ ಹುಲ್ಲು ಕೆರೆದು ಬೆಂಕಿ ರೇಖೆ ಮಾಡುವ ಕೂಲಿ ಯಾವ ಲೆಕ್ಕದಿಂದ ಬರುತ್ತದೆ ಎಂದು ಸಭೆಯಲ್ಲಿ ಕೇಳಿ. ಉತ್ತರ ಇಲ್ಲದಿದ್ದರೆ ಅರ್ಧ ಜಾಗಕ್ಕೆ ಇಳಿಯಿರಿ. ಸಪಾಟಾದ ಸ್ಟಾಕ್‌ಯಾರ್ಡ್ ಭಾಗವನ್ನು ಮೊದಲು ಮಾಡಿ, ದಿಬ್ಬ ಮತ್ತು ತಗ್ಗನ್ನು ಬೇಲಿಯೊಳಗೆ ಹಸಿರಾಗಲು ಬಿಡಿ.

ಜಾಗದ ದಾಖಲೆಯನ್ನೂ ನೋಡಿ. ಪಹಣಿಯಲ್ಲಿ ಗೋಮಾಳ ಅಂತಿದ್ದರೂ ಅರಣ್ಯ ಇಲಾಖೆಯ ನಕ್ಷೆಯಲ್ಲಿ ಬೇರೆ ಇರಬಹುದು. ಅರಣ್ಯ ಆಗಿದ್ದರೆ ಕೇಂದ್ರದ ಅನುಮತಿ ಇಲ್ಲದೆ ಕಟ್ಟಡ ಏಳುವಂತಿಲ್ಲ. ಅಲ್ಲಿಗೆ ಹಳೇ ಗಣಿ ಗುತ್ತಿಗೆ ತಗುಲಿಕೊಂಡಿದೆಯೇ, ಅದು ರದ್ದಾಗಿ ಮತ್ತೆ ಹರಾಜಿನ ಪಟ್ಟಿಯಲ್ಲಿ ಇದೆಯೇ ಎಂದು ಗಣಿ ಇಲಾಖೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ಸುಪ್ರೀಂ ಕೋರ್ಟ್ 2013ರಲ್ಲಿ ರದ್ದು ಮಾಡಿದ ಗುತ್ತಿಗೆಗಳಲ್ಲಿ ಹಲವು ಆಮೇಲೆ ಹರಾಜಾಗಿವೆ. ಗಿಡ ಎದ್ದು ನಿಂತ ಮೇಲೆ ಹಿಟಾಚಿ ಬಂದರೆ ಅದಕ್ಕಿಂತ ನೋವು ಇನ್ನೊಂದಿಲ್ಲ. ಅಲ್ಲಿ ಕುರಿ ಮೇಯಿಸುವವರನ್ನೂ ಸಭೆಗೆ ಕರೆಯಿರಿ. ಅವರ ಮೇವಿನ ಜಾಗ ಹೋಗುತ್ತಿದೆ. ಕೊಯ್ದು ಒಯ್ಯುವ ಹುಲ್ಲಿನ ಹಕ್ಕು ಅವರಿಗೆ ಕೊಟ್ಟರೆ ಬೇಲಿಯೂ ಉಳಿಯುತ್ತದೆ, ಬೆಂಕಿಯ ಭಯವೂ ಕಡಿಮೆ.

ಸಭೆಗೆ ಮೊದಲು ಮೂರು ಕಡೆಯ ಮಣ್ಣು ಪರೀಕ್ಷೆಗೆ ಕಳಿಸಿ: ಸ್ಟಾಕ್‌ಯಾರ್ಡಿನ ನಡುವಿನದು, ದಿಬ್ಬದ್ದು, ಹಳೇ ರಿಪೇರಿ ಶೆಡ್ಡಿನ ಜಾಗದ್ದು. ಮೊದಲೆರಡರಲ್ಲಿ ರಸಸಾರ (pH), ಸಾವಯವ ಇಂಗಾಲ, ಮ್ಯಾಂಗನೀಸ್ ನೋಡಿದರೆ ಸಾಕು. ಮೂರನೆಯದರಲ್ಲಿ ಸೀಸ ಮತ್ತು ಆಯಿಲ್ ಅಂಶ ಕೇಳಿ. ತಗ್ಗಿನ ನೀರನ್ನು ಈಗ ಒಮ್ಮೆ, ಒಂದೆರಡು ದೊಡ್ಡ ಮಳೆ ಆದ ಮೇಲೆ ಇನ್ನೊಮ್ಮೆ ತೆಗೆಸಿ. ವರದಿ ಬಂದಾಗ ನನಗೂ ಒಂದು ಪ್ರತಿ ಕಳಿಸಿ. ಆಟದ ಜಾಗ ಎಲ್ಲಿ ಇಡಬಹುದು ಎಂದು ನಕ್ಷೆಯ ಮೇಲೆ ಗುರುತು ಹಾಕಿ ಕೊಡುತ್ತೇನೆ.